ಬುತ್ತಿ ಬಿಚ್ಚುವ ಜಾಗ

ಜೀವಮಾನವಿಡೀ ಕುರಿ ಕಾಯ್ದವರನ್ನು ಕಾಯುವ ಕೆಲಸ ಕುರಿ ಕಾಯುವುದಕ್ಕಿಂತ ಕಷ್ಟವೆಂದು ಮಾರುತೇಶನಿಗೆ ಗೊತ್ತಾದದ್ದು ಸಿಂಗಾಪುರದ ವಿಮಾನ ನಿಲ್ದಾಣದಲ್ಲಿ, ಬೆಳಗಿನ ಏಳು ಗಂಟೆಗೆ. ಕುರಿಯಾದರೆ ಹುಲ್ಲಿದ್ದ ಕಡೆ ಹೋಗುತ್ತದೆ. ಈರಬಸಪ್ಪ, ಬರಗೇರಮ್ಮ ದಂಪತಿ ಎತ್ತ ಹೋಗುತ್ತಾರೆಂಬುದು ಅವರಿಗೇ ಗೊತ್ತಿರಲಿಲ್ಲ.

ಈರಬಸಪ್ಪ ಹಿರಿಯೂರು ತಾಲ್ಲೂಕಿನಲ್ಲಿ ಹೆಸರು ಮಾಡಿದ ಕುರಿಗಾರ. ಆಸ್ಟ್ರೇಲಿಯದ ಪರ್ತ್ ಎಂಬಲ್ಲಿ ಕುರಿ ಸಾಕುವವರದೊಂದು ಸಭೆಯಿತ್ತು, ಅದಕ್ಕೆ ಅವರನ್ನು ಕರೆದಿದ್ದರು. ಹೆಂಡತಿ ಬಾರದೆ ತಾನು ಹೊಸಿಲು ದಾಟುವುದಿಲ್ಲವೆಂದು ಅವರು ಕೂತುಬಿಟ್ಟರು. ಇಬ್ಬರಿಗೂ ಇಂಗ್ಲಿಷ್ ಬಾರದು. ಇಂಗ್ಲಿಷ್ ಬಲ್ಲವನೊಬ್ಬ ಜೊತೆಗಿರಲಿ ಎಂದು ಬಬ್ಬೂರು ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಾಂತ್ರಿಕ ಸಹಾಯಕನಾಗಿದ್ದ ಮಾರುತೇಶನನ್ನು ಗಂಟು ಹಾಕಿದರು. ನೆಂಟಸ್ತಿಕೆ ಹುಡುಕಿದ್ದರೆ ಎಲ್ಲಾದರೂ ಸಿಗುತ್ತಿತ್ತೇನೋ. ಹುಡುಕುವ ಮೊದಲೇ ಅವರು ಅವನಿಗೆ ದೊಡ್ಡಪ್ಪ, ದೊಡ್ಡಮ್ಮ ಆಗಿದ್ದರು.

ಬೆಂಗಳೂರಿನಿಂದ ಬಂದ ವಿಮಾನಕ್ಕೂ ಪರ್ತ್‌ಗೆ ಹೋಗುವ ವಿಮಾನಕ್ಕೂ ನಡುವೆ ಸುಮಾರು ಒಂಬತ್ತು ಗಂಟೆಗಳ ಬಿಡುವು. ಊರೊಳಗೆ ಹೋಗಿಬರಲು ಅಡ್ಡಿಯಿರಲಿಲ್ಲ. ಇಂಥ ಬಿಡುವಿಗೆ ಇಂಗ್ಲಿಷಿನಲ್ಲಿ ಲೇಓವರ್ ಎನ್ನುತ್ತಾರೆ. ಮಾರುತೇಶನಿಗೂ ಅವನ ಗೆಳೆಯ ಕಲ್ಲೇಶನಿಗೂ ನಡುವೆ ‘ಲೇ’ ಓವರ್ ಆಗಿ ಹನ್ನೆರಡು ವರ್ಷವಾಗಿತ್ತು. ಆ ಕಲ್ಲೇಶ ಈಗ ಇದೇ ಊರಿನಲ್ಲಿದ್ದ. ಅವನನ್ನು ನೋಡಬಹುದೆಂಬ ಒಂದೇ ಆಸೆಗೆ ಮಾರುತೇಶ ಈ ಪ್ರಯಾಣಕ್ಕೆ ಒಪ್ಪಿಕೊಂಡಿದ್ದ. ಕುರಿ ಬರೀ ನೆಪ.

ಕಲ್ಲೇಶ ಹೊರಕೆರೆದೇವಪುರದವನು. ಚಿತ್ರದುರ್ಗದ ಡಿಗ್ರಿ ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ಆ ಕಾಲಕ್ಕೆ ಕಲ್ಲೇಶನ ಗಂಟಲಿನಲ್ಲಿ ಪ್ರಿನ್ಸಿಪಾಲರು, ಹಾಸ್ಟೆಲ್ ವಾರ್ಡನ್ನು, ಕ್ಯಾಂಟೀನಿನ ಚಿಕ್ಕತಿಮ್ಮಪ್ಪ ಎಲ್ಲರೂ ಬಾಡಿಗೆ ಕೊಡದೆ ವಾಸವಾಗಿದ್ದರು. ಯಾರನ್ನು ಬೇಕಾದರೂ ಕರೆದು ಮಾತಾಡಿಸುತ್ತಿದ್ದ. ಅವನು ಧ್ವನಿ ತೆಗೆದರೆ ಮಾತು ಹೊಂದಿಸುತ್ತಿದ್ದವನು ಮಾರುತೇಶ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಮಾರುತೇಶನ ಅಪ್ಪನ ಧ್ವನಿ.

ಅಪ್ಪ ಹನುಮಂತಪ್ಪ ಹಿರಿಯೂರಿನಿಂದ ಹೊರಡುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರು. ಬಸ್ಸು ಹೊರಡುವ ಮುಂಚೆ ಬಾಗಿಲಲ್ಲಿ ಒಂಟಿ ಕಾಲಲ್ಲಿ ನಿಂತು “ಹೊಸ್ದುರ್ಗ ಹೊಳಲ್ಕೆರೆ ದುರ್ಗಾ” ಎಂದು ಕೂಗುತ್ತಿದ್ದರು. ‘ಹೊಸ್ದುರ್ಗ’ ಗಡಿಬಿಡಿಯಲ್ಲಿ ಓಡಿಹೋಗುತ್ತಿತ್ತು, ‘ಹೊಳಲ್ಕೆರೆ’ ಸ್ವಲ್ಪ ಕುಣಿಯುತ್ತಿತ್ತು, ಕೊನೆಯ ‘ದುರ್ಗಾ’ ಮಾತ್ರ ಬಸ್‌ಸ್ಟ್ಯಾಂಡ್ ದಾಟಿ ಹೋಟೆಲಿನೊಳಗೆ ಕಾಫಿ ಕುಡಿಯುತ್ತಿದ್ದವರ ಕುರ್ಚಿ ಅಲ್ಲಾಡಿಸುತ್ತಿತ್ತು.

ಮಾರುತೇಶನ ಮದುವೆಯ ಆರತಕ್ಷತೆಯಲ್ಲಿ ಕಲ್ಲೇಶ ಮೈಕ್ ಹಿಡಿದು ಈ ಕೂಗನ್ನೇ ಕೂಗಿದ. ಹೆಣ್ಣಿನ ಕಡೆಯವರನ್ನು ಪ್ರಯಾಣಿಕರಾಗಿ ಮಾಡಿ, “ಒಳಗೆ ನಡೀರಿ, ಒಳಗೆ ನಡೀರಿ, ಊಟದ ಹಾಲ್ ಖಾಲಿ ಐತೆ” ಎಂದ. ಛತ್ರ ಬಿದ್ದು ಬಿದ್ದು ನಕ್ಕಿತು. ಹೊಸ ನೆಂಟರೆದುರು ಅಪ್ಪನ ದುಡಿಮೆ ನಗೆಪಾಟಲಾಯಿತೆಂದು ಮಾರುತೇಶನಿಗೆ ಕಣ್ಣು ಕತ್ತಲಿಟ್ಟಿತು. ಬಾಸಿಂಗ ಕಟ್ಟಿದವನು ಇಳಿದುಬಂದು ಮೈಕ್ ಕಿತ್ತುಕೊಂಡ. “ನಮ್ಮಪ್ಪನ ಹೊಟ್ಟೆಪಾಡು ನಿಂಗೆ ತಮಾಷೆ ಆಯ್ತಾ? ನಡಿ ಆಚೆಗೆ” ಎಂದ, ಅದೂ ಮೈಕಿನಲ್ಲೇ. ಕಲ್ಲೇಶ ಊಟ ಮಾಡದೆ ಹೋದವನು ಮತ್ತೆ ಸಿಗಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ಗಂಟಲಿನ ಕಾಯಿಲೆ. ಕೊನೆಯ ಏಳೆಂಟು ತಿಂಗಳು ಧ್ವನಿಯೇ ಇರಲಿಲ್ಲ, ಮೊಮ್ಮಗಳ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಿದ್ದರು. ಒಂದು ದಿನ ಸ್ಲೇಟನ್ನು ಮಗನ ಕೈಗಿಟ್ಟರು. ‘ಅವತ್ತು ಕಲ್ಲೇಶಿಗೆ ಕೂಗು ಅಂದವನು ನಾನೇ’ ಎಂದು ಅದರಲ್ಲಿತ್ತು. ಮಾರುತೇಶ ಓದಿ ತಲೆಯೆತ್ತುವಷ್ಟರಲ್ಲಿ ಅವರು ಮಗ್ಗುಲಾಗಿದ್ದರು.

ಅವರು ಹೋದ ಮೇಲೆ ಮನೆಯಲ್ಲಿದ್ದ ಫೋನುಗಳನ್ನೆಲ್ಲ ಅವನು ಜಾಲಾಡಿದ. ಅಪ್ಪನ ಫೋಟೋ ನಾನೂರು ಇದ್ದವು. ಧ್ವನಿ ಇದ್ದದ್ದು ಒಂದೇ ವಿಡಿಯೋದಲ್ಲಿ, ಅದರಲ್ಲೂ ಹಿಂದೆ ಬ್ಯಾಂಡ್‌ಸೆಟ್ ಬಾರಿಸುತ್ತಿತ್ತು. ಅಪ್ಪ ಬಾಯಿ ತೆರೆದಾಗೆಲ್ಲ ಕಹಳೆ ಕೇಳುತ್ತಿತ್ತು. ಆ ಧ್ವನಿ ಇನ್ನು ಭೂಮಿಯ ಮೇಲೆ ಉಳಿದಿದ್ದರೆ ಅದು ಕಲ್ಲೇಶನ ಗಂಟಲಿನಲ್ಲಿ ಮಾತ್ರ. ತಪ್ಪಾಯ್ತು ಅನ್ನಬೇಕು, ಒಂದು ಸಲ ಕೂಗಿಸಿ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಎರಡನೆಯದನ್ನು ಮಾರುತೇಶ ಹೆಂಡತಿ ದೇವಿಕಾಳಿಗೂ ಹೇಳಿರಲಿಲ್ಲ.

ಯಾರ್ಯಾರನ್ನೋ ಹಿಡಿದು ಕಲ್ಲೇಶನ ನಂಬರು ಪಡೆದು, ಅಪ್ಪ ಹೋದದ್ದನ್ನೂ ತಾನು ಬರುವ ದಿನವನ್ನೂ ತಿಳಿಸಿ ಮೆಸೇಜು ಹಾಕಿದಾಗ ಎರಡು ದಿನ ಬಿಟ್ಟು ಉತ್ತರ ಬಂತು. ‘ಸೈಟಿನಲ್ಲಿ ಊಟದ ಬಿಡುವು ಹನ್ನೆರಡರಿಂದ ಒಂದು. ಮೂರನೇ ಗೇಟಿಗೆ ಬನ್ನಿ.’ ಜೊತೆಗೊಂದು ಮ್ಯಾಪು. ಆ ‘ಬನ್ನಿ’ ಮಾರುತೇಶನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತ್ತು.

ಲೆಕ್ಕ ಸರಳವಾಗಿತ್ತು. ರೈಲಿನಲ್ಲಿ ಒಂದು ಗಂಟೆಯೊಳಗೆ ಆ ಜಾಗ ಸಿಗುತ್ತದೆ. ಹನ್ನೆರಡಕ್ಕೆ ಭೇಟಿ, ಒಂದಕ್ಕೆ ಹೊರಟರೆ ಎರಡಕ್ಕೆ ವಿಮಾನ ನಿಲ್ದಾಣ. ಲೆಕ್ಕದಲ್ಲಿ ಬಿಟ್ಟುಹೋಗಿದ್ದದ್ದು ಬರಗೇರಮ್ಮನ ಮಡಿಲಿನಲ್ಲಿತ್ತು. ಬಿಳಿ ಪಂಚೆಯಲ್ಲಿ ಬಿಗಿಯಾಗಿ ಕಟ್ಟಿದ ಬುತ್ತಿ ಗಂಟು.

ಈ ತಪ್ಪೂ ಮಾರುತೇಶನದೇ. ಹೊರಡುವ ಮುಂಚೆ ಅವನೇ ಹೇಳಿದ್ದ, “ಆಸ್ಟ್ರೇಲಿಯದೊಳಕ್ಕೆ ಊಟ ತಿಂಡಿ ಬಿಡಲ್ಲ ದೊಡ್ಡಮ್ಮ, ಕಿತ್ಕಂಡು ಎಸೀತಾರೆ” ಅಂತ. ಬುತ್ತಿ ಕಟ್ಟುವುದಿಲ್ಲವೆಂದು ಅವನು ತಿಳಿದ. ಹಾಗಾದರೆ ಸಿಂಗಾಪುರದಲ್ಲೇ ಉಂಡು ಮುಗಿಸಬೇಕೆಂದು ಆಕೆ ತಿಳಿದಳು. ಸಜ್ಜೆ ರೊಟ್ಟಿ, ಹುಚ್ಚೆಳ್ಳಿನ ಪುಡಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಒಣಖಾರ, ಹುರಿದ ಶೇಂಗಾ.

“ಸರಿ, ಇಲ್ಲೇ ಉಂಡು ಮುಗಿಸಾಣ ಬರ್ರಿ” ಎಂದು ಮಾರುತೇಶ ಕುರ್ಚಿ ತೋರಿಸಿದ.

ಬರಗೇರಮ್ಮ ಕುರ್ಚಿಯನ್ನೂ ಅವನನ್ನೂ ನೋಡಿದಳು. “ಬುತ್ತೀನ ಕುರ್ಚಿ ಮೇಲೆ ಕುಂತು ಬಿಚ್ಚೋದುಂಟೇನಪ್ಪ?”

ಬುತ್ತಿ ಬಿಚ್ಚುವುದಕ್ಕೆ ಅವರ ಮನೆಯಲ್ಲಿ ಕಟ್ಟಳೆಯಿತ್ತು. ಬಯಲಲ್ಲಿ ಬಿಚ್ಚಬೇಕು. ಹತ್ತಿರದಲ್ಲಿ ನೀರಿರಬೇಕು. ನೆಲಕ್ಕೆ ಕಂಬಳಿ ಹಾಸಬೇಕು. ದಾರಿಗೆ ಜೊತೆಯಾದವರೆಲ್ಲ ಸುತ್ತ ಕೂತಿರಬೇಕು, ಒಬ್ಬ ಕಡಿಮೆಯಾದರೂ ಗಂಟಿಗೆ ಕೈ ಹಾಕುವಂತಿಲ್ಲ. ಮಂದೆ ಹೊಡೆದುಕೊಂಡು ಊರೂರು ತಿರುಗುವಾಗ ತಪ್ಪಿಸಿಕೊಂಡ ಕುರಿ ಹುಡುಕಲು ಹೋದವನ ಪಾಲು ಖಾಲಿಯಾಗದಿರಲೆಂದು ಯಾರೋ ಹಿರಿಯರು ಮಾಡಿದ್ದಿರಬೇಕು. ಎಸೆಯುವ ಮಾತಂತೂ ಎತ್ತುವಂತೆಯೇ ಇಲ್ಲ.

ನಿಲ್ದಾಣದ ಒಳಗೇ ಗಾಜಿನ ಮಾಳಿಗೆಯಿಂದ ಸುರಿಯುವ ದೊಡ್ಡ ಜಲಪಾತವಿತ್ತು. ಮಾರುತೇಶ ಗೆದ್ದೆನೆಂದುಕೊಂಡು ಇಬ್ಬರನ್ನೂ ಅಲ್ಲಿಗೆ ಕರೆದೊಯ್ದ. “ನೋಡ್ರಿ ದೊಡ್ಡಪ್ಪ, ಎಷ್ಟು ನೀರು ಬೇಕು ನಿಮಗೆ?”

ಈರಬಸಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಸುತ್ತ ನೂರಾರು ಜನ ಬೆನ್ನು ತಿರುಗಿಸಿ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. “ಇದು ಮೋಟ್ರು ನೀರಪ್ಪ. ಸ್ವಿಚ್ ಆಫ್ ಮಾಡಿದ್ರೆ ನಿಲ್ತೈತೆ. ಬಯಲೂ ಅಲ್ಲ.”

“ಬಯಲು ಎಲ್ಲಿಂದ ತರ್ಲಿ ದೊಡ್ಡಪ್ಪ, ಇದು ಸಿಂಗಾಪುರ.”

“ಬಯಲಿಲ್ದಿರ ಊರು ಇರ್ತೈತೇನಪ್ಪ? ನಡಿ, ಹೋಗಾಣ.”

ಹೀಗೆ ಕೂತು, ಎದ್ದು, ಮೋಟ್ರು ನೀರಿಗೆ ಪ್ರದಕ್ಷಿಣೆ ಹಾಕಿ, ಬರಗೇರಮ್ಮ ಕೈತೊಳೆಯಲು ಹೋಗಿ, ಮುಟ್ಟದೆಯೇ ನೀರು ಬಿಡುವ ನಲ್ಲಿಯ ಮುಂದೆ ಇಪ್ಪತ್ತು ನಿಮಿಷ ಕಳೆದು, ಅಷ್ಟರಲ್ಲಿ ಈರಬಸಪ್ಪ ಇನ್ನೊಂದು ಮಹಡಿಯಲ್ಲಿ ಸಿಕ್ಕು, ರೈಲು ಹತ್ತುವಾಗ ಹನ್ನೊಂದಾಗಿತ್ತು. ಇಂಥ ನಡುದಾರಿಯ ನಿಲುಗಡೆಗೆ ಟ್ರಾನ್ಸಿಟ್ ಎಂದೂ ಎನ್ನುತ್ತಾರೆ. ಟ್ರಾನ್ ಎಂದರೇನೋ ಮಾರುತೇಶನಿಗೆ ತಿಳಿಯದು, ಸಿಟ್ಟು ಮಾತ್ರ ಚೆನ್ನಾಗಿ ತಿಳಿದಿತ್ತು.

ರೈಲಿನಲ್ಲಿ ತಲೆಗೆ ವಸ್ತ್ರ ಕಟ್ಟಿದ ಮಲಯ ಹೆಂಗಸರು, ಚೀನೀ ಮುದುಕರು, ತಮಿಳು ಹುಡುಗಿಯರು, ಬಂಗಾಳಿ ಕೂಲಿಗಳು, ಕೆಂಪು ಮೂತಿಯ ಬಿಳಿಯರು ಒತ್ತಾಗಿ ನಿಂತಿದ್ದರು. ಪಂಚೆ, ರುಮಾಲು, ಕರಿ ಕಂಬಳಿಯ ಈರಬಸಪ್ಪನವರನ್ನು ಯಾರೂ ತಿರುಗಿ ನೋಡಲಿಲ್ಲ. ಹಿರಿಯೂರಿನಿಂದ ಬಸ್ಸು ಹತ್ತಿ ಹೋಗುವ ಹೊಸದುರ್ಗದ ಸಂತೆಯಲ್ಲಾದರೂ ಇಬ್ಬರು ಮಾತಾಡಿಸುತ್ತಿದ್ದರೆಂದು ಅವರಿಗೆ ಒಳಗೊಳಗೇ ಬೇಸರ. ಧ್ವನಿವರ್ಧಕದ ಹೆಂಗಸು ಬಾಗಿಲಿನ ಬಗ್ಗೆ ನಾಲ್ಕು ಭಾಷೆಯಲ್ಲಿ ಹೇಳಿದಳು.

“ಒಂದೇ ಮಾತು ನಾಲ್ಕು ಸಲ ಹೇಳ್ತಾಳೆ, ಯಾರೂ ಕೇಳಲ್ಲ” ಎಂದಳು ಬರಗೇರಮ್ಮ. “ಥೇಟ್ ನಮ್ಮನೆ.”

ಹುಚ್ಚೆಳ್ಳು, ಬೆಳ್ಳುಳ್ಳಿಯ ಘಮ ಗಂಟಿನಿಂದ ಹೊರಟು ಬೋಗಿಯಿಡೀ ತಿರುಗತೊಡಗಿತು. ಗೋಡೆಯ ಮೇಲೆ, ಇಲ್ಲಿ ತಿನ್ನಬಾರದು, ತಿಂದರೆ ದಂಡ ಎಂಬ ಚಿತ್ರವಿತ್ತು. ಮಾರುತೇಶ ಗಂಟನ್ನು ತನ್ನ ಚೀಲದೊಳಗಿಡಲು ಕೇಳಿದ.

“ಯಾಕಪ್ಪ?”

“ವಾಸ್ನೆ ದೊಡ್ಡಮ್ಮ.”

“ಊಟಕ್ಕೆ ವಾಸ್ನೆ ಇರ್ದೆ ಇನ್ಯಾತಕ್ಕೆ ಇರ್ತೈತೆ?”

ರೈಲು ಸೇತುವೆಯ ಮೇಲೆ ಹೋಗುತ್ತಿತ್ತು. ಕೆಳಗೆ ಎತ್ತರದ ಮನೆಗಳ ಸಾಲು, ಬಿಸಿಲಿಗೆ ಒಣಗುವ ಬಟ್ಟೆಗಳು. ಆಮೇಲೆ ಒಂದು ಕಾಲುವೆ, ದಡದಲ್ಲಿ ಹುಲ್ಲು, ಹುಲ್ಲಿನ ಮೇಲೆ ಕೊಡೆಯಂತೆ ಹರಡಿದ ಮರ. ಬರಗೇರಮ್ಮನ ಕಣ್ಣು ಅದಕ್ಕೆ ಬಿತ್ತು. ರೈಲು ನಿಂತಿತು, ಬಾಗಿಲು ತೆರೆಯಿತು. “ನೀರು ಐತೆ, ಇಳೀರಿ” ಎಂದು ಗಂಡನ ಕಂಬಳಿ ಹಿಡಿದೆಳೆದುಕೊಂಡು ಆಕೆ ಇಳಿದೇಬಿಟ್ಟಳು. ಮ್ಯಾಪು ನೋಡುತ್ತಿದ್ದ ಮಾರುತೇಶ ತಲೆಯೆತ್ತಿದಾಗ ಗಾಜಿನಾಚೆ ಇಬ್ಬರೂ ನಿಂತಿದ್ದರು. ಬಾಗಿಲು ಮುಚ್ಚಿಕೊಂಡಿತು. ಈರಬಸಪ್ಪ ಕೈಬೀಸಿ ಅವನನ್ನು ಬಾ ಎಂದು ಕರೆಯುತ್ತಿದ್ದರು, ರೈಲಿನೊಳಗಿದ್ದವನನ್ನು.

ಮುಂದಿನ ನಿಲ್ದಾಣದಲ್ಲಿ ಇಳಿದು, ಸೇತುವೆ ದಾಟಿ, ಆ ಕಡೆಯ ರೈಲು ಹಿಡಿದು ವಾಪಸು ಬರುವಾಗ ಮಾರುತೇಶ ಹಲ್ಲು ಕಚ್ಚಿ ಎಣಿಸುತ್ತಿದ್ದ. ಹನ್ನೊಂದು ಮುಕ್ಕಾಲು. ಹನ್ನೊಂದು ಐವತ್ತು. ಅವರಿಬ್ಬರಿಗೆ ಫೋನಿಲ್ಲ, ಇವನ ಫೋನಿಗೆ ಇಲ್ಲಿ ಸಿಗ್ನಲ್ಲಿಲ್ಲ. ಕಲ್ಲೇಶ ಗೇಟಿನಲ್ಲಿ ನಿಂತು ಹತ್ತು ನಿಮಿಷ ಕಾದು, ಅಂದುಕೊಂಡ ಹಾಗೇ ಆಯಿತೆಂದು ಒಳಗೆ ಹೋಗುವುದು ಅವನ ಕಣ್ಣಿಗೆ ಕಟ್ಟಿತು.

ಕಾಲುವೆಯ ದಡದಲ್ಲಿ ಕಂಬಳಿ ಹಾಸಿತ್ತು. ಅದರ ಮೇಲೆ ದಂಪತಿ ಕೂತಿದ್ದರು, ಪಕ್ಕದಲ್ಲೊಬ್ಬ ಚೀನೀ ಅಜ್ಜಿಯೂ ಕೂತಿದ್ದಳು. ಬರಗೇರಮ್ಮ ಕನ್ನಡದಲ್ಲಿ ತನ್ನ ಮೊಣಕಾಲು ತೋರಿಸುತ್ತಿದ್ದಳು, ಅಜ್ಜಿ ಚೀನೀಯಲ್ಲಿ ತನ್ನ ಮೊಣಕಾಲು ತೋರಿಸುತ್ತಿದ್ದಳು. ಯಾವ ಎಣ್ಣೆ ಹಚ್ಚಬೇಕೆಂಬಲ್ಲಿಗೆ ಮಾತು ಬಂದಂತಿತ್ತು. ಭಾಷಾಂತರಕ್ಕೆಂದು ಬಂದವನ ಅಗತ್ಯ ಯಾರಿಗೂ ಕಾಣಲಿಲ್ಲ.

ಬುತ್ತಿ ಗಂಟು ಮಾತ್ರ ಕಟ್ಟಿದಂತೆಯೇ ಇತ್ತು.

“ಬಾರಪ್ಪ, ನಿಂಗೇ ಕಾಯ್ತಿದ್ವಿ” ಎಂದರು ಈರಬಸಪ್ಪ. “ಎತ್ಲಾಗೆ ಹೋಗಿದ್ದೆ?”

ಬೈಯುವಂತಿಲ್ಲ, ಹಿರಿಯರು. ಬಿಟ್ಟು ಹೋಗುವಂತಿಲ್ಲ, ವಾಪಸು ಬರುವಷ್ಟರಲ್ಲಿ ಇವರು ಯಾವ ನೀರು ನೋಡಿ ಎದ್ದಿರುತ್ತಾರೋ. “ದೊಡ್ಡಮ್ಮ, ಒಂದು ಗಂಟೆಯೊಳಗೆ ನಾನೊಬ್ಬನ್ನ ನೋಡ್ಬೇಕು. ಜೀವದ ಗೆಳೆಯ. ಹನ್ನೆರಡು ವರ್ಷ ಆಗೈತೆ. ಈಗ ಹೋಗ್ಲಿಲ್ಲ ಅಂದ್ರೆ ಮತ್ತೆ ಸಿಗಲ್ಲ. ದಯವಿಟ್ಟು ಎದ್ದೇಳ್ರಿ.”

ಬರಗೇರಮ್ಮ ಗಂಟಿನ ಮೇಲಿದ್ದ ಕೈ ತೆಗೆದಳು. “ಗೆಳೆಯ ಅವ್ನೆ ಅಂತ ಮುಂಚೇನೇ ಯಾಕೆ ಹೇಳ್ಲಿಲ್ಲ? ಹಂಗಾರೆ ಅವ್ನೂ ಜೊತೆಗಾರ ಆದ. ಅವ್ನು ಬರ್ದೆ ಇದನ್ನ ಬಿಚ್ಚೋಕಾಗ್ತೈತಾ? ಏಳ್ರಿ ಮ್ಯಾಲೆ” ಎಂದು ಗಂಡನಿಗೇ ಗದರಿದಳು. ಚೀನೀ ಅಜ್ಜಿಗೆ ಶೇಂಗಾ ಕೊಡಲಾಗಲಿಲ್ಲವೆಂದು ಹಳಹಳಿಸುತ್ತ ಹೊರಟಳು.

ಮೂರನೇ ಗೇಟು ಸಿಕ್ಕಾಗ ಹನ್ನೆರಡು ಮೂವತ್ತಾರು. ಅರ್ಧ ಕಟ್ಟಿದ ಕಟ್ಟಡ, ಮೇಲೆ ಉದ್ದ ಕೈಯ ಕ್ರೇನು, ಬೇಲಿಯ ನೆರಳಲ್ಲಿ ಮಲಗಿದ್ದ ಕೂಲಿಗಳು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಹಳದಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಕೂತಿದ್ದ. ಕೂದಲು ಹಿಂದೆ ಸರಿದಿತ್ತು. ಹೊಟ್ಟೆ ಬಂದಿತ್ತು. ಮಾರುತೇಶನನ್ನು ಕಂಡು ಎದ್ದು ನಿಂತ.

“ಬರ್ರಿ” ಎಂದ ಕಲ್ಲೇಶ. “ಲೇಟಾಯ್ತು.”

“ಅದು, ಕಲ್ಲೇಶ, ರೈಲಲ್ಲಿ...”

“ಯಾವೂರಪ್ಪ ನಿಂದು?” ಹಿಂದಿನಿಂದ ಬಂದ ಬರಗೇರಮ್ಮ ಇಬ್ಬರ ನಡುವೆ ನಿಂತಳು.

“ಹೊರಕೆರೆದೇವಪುರ ಅಮ್ಮ.”

“ಹೊಳಲ್ಕೆರೆ ಸೀಮೆಯೋನು. ಯಾರ ಮಗ?”

“ಮುರುಗಪ್ಪಾರ ಮಗ. ತೆಂಗಿನಕಾಯಿ ಮಂಡಿಯೋರು.”

“ಸರ್ವಮಂಗಳಮ್ಮ ಏನಾಗ್ಬೇಕು?”

“ಸೋದರತ್ತೆ. ನಿಮಗೆಂಗೆ ಗೊತ್ತು?”

ಗೊತ್ತಾದ ಬಗೆಯನ್ನು ಬರಗೇರಮ್ಮ ಹೇಳಲು ಶುರು ಮಾಡಿದಳು. ಸರ್ವಮಂಗಳಮ್ಮನ ತೋಟದಲ್ಲಿ ಇವರ ಮಂದೆ ಯಾವ ವರ್ಷ ಎಷ್ಟು ದಿನ ಕೂತಿತ್ತು, ಗೊಬ್ಬರಕ್ಕೆ ಬದಲಾಗಿ ಆಕೆ ಎಂಥ ರಾಗಿ ಕೊಟ್ಟಿದ್ದಳು, ಆ ರಾಗಿಯ ಮುದ್ದೆ ಹೇಗೆ ಬರುತ್ತಿತ್ತು. ಮಾರುತೇಶ ಗಡಿಯಾರ ನೋಡಿದ. ಹನ್ನೆರಡು ನಲವತ್ತು. ಬೇಲಿಯ ಪಕ್ಕ ಹಳ್ಳದಷ್ಟು ಅಗಲದ ಕಾಂಕ್ರೀಟ್ ಮೋರಿಯಿತ್ತು, ಅದರಲ್ಲಿ ನಿನ್ನೆಯ ಮಳೆನೀರು ಹರಿಯುತ್ತಿತ್ತು. ಈರಬಸಪ್ಪ ಬಗ್ಗಿ ನೋಡಿ, “ಹರಿಯೋ ನೀರೇ” ಎಂದು ಒಪ್ಪಿಗೆ ಕೊಟ್ಟು ದಾರಿಯ ಮೇಲೆ ಕಂಬಳಿ ಹಾಸಿದರು.

“ಕುಂತ್ಕಳಪ್ಪ” ಎಂದಳು ಬರಗೇರಮ್ಮ ಕಲ್ಲೇಶನಿಗೆ. “ಉಂಡು ಮಾತಾಡಾಣ.”

ಕೂತರು. ಗಂಟು ಕೊನೆಗೂ ಬಿಚ್ಚಿತು. ರೊಟ್ಟಿಯ ಮೇಲೆ ಹುಚ್ಚೆಳ್ಳಿನ ಪುಡಿ ಹಾಕಿ ಮೊದಲ ಪಾಲನ್ನು ಆಕೆ ಕಲ್ಲೇಶನ ಕೈಗಿಟ್ಟಳು. ಕಲ್ಲೇಶ ಒಂದು ಚೂರು ಬಾಯಿಗಿಟ್ಟು ಅಗಿಯುತ್ತ ಮೋರಿಯ ಕಡೆ ಮುಖ ತಿರುಗಿಸಿದ.

“ಕಲ್ಲೇಶ, ಅವತ್ತು ಮದ್ವೇಲಿ...” ಎಂದ ಮಾರುತೇಶ.

“ಉಣ್ಣೋವಾಗ ಮಾತಾಡ್ಸಬ್ಯಾಡಪ್ಪ, ನೆತ್ತಿಗತ್ತೈತೆ” ಎಂದಳು ಬರಗೇರಮ್ಮ.

ಎರಡನೇ ರೊಟ್ಟಿ ಬಂತು. ಈರಬಸಪ್ಪ ಕ್ರೇನು ನೋಡಿ ಅದು ಎಷ್ಟು ಭಾರ ಎತ್ತುತ್ತದೆಂದು ಕೇಳಿದರು. ಕಲ್ಲೇಶನಿಗೆ ಜೀವ ಬಂತು. ಕ್ರೇನಿನವನಿಗೆ ಕೆಳಗಿನಿಂದ ವಾಕಿಟಾಕಿಯಲ್ಲಿ ದಾರಿ ಹೇಳುವುದೇ ಅವನ ಕೆಲಸ. ಬೆಳಗಿನ ಪಾಳಿಯವನು ಮಧುರೆಯವನು, ಮಧ್ಯಾಹ್ನದವನು ಢಾಕಾದವನು, ಮೇಲಿನ ಸಾಹೇಬ ಇಲ್ಲಿಯ ಚೀನೀ. ಕಲ್ಲೇಶ ಮೂವರನ್ನೂ ತನ್ನ ಗಂಟಲಿನಿಂದ ತೆಗೆದು ಕಂಬಳಿಯ ಮೇಲೆ ಕೂರಿಸಿದ. ಮಧುರೆಯವನು ಮೂಗಿನಲ್ಲಿ ಗದರಿದ, ಢಾಕಾದವನು ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು ಸಮಾಧಾನ ಹೇಳಿದ, ಸಾಹೇಬ ಪ್ರತಿ ಮಾತಿನ ಬಾಲಕ್ಕೆ ಒಂದು ‘ಲಾ’ ಕಟ್ಟಿದ. ಈರಬಸಪ್ಪನವರಿಗೆ ಒಂದಕ್ಷರ ತಿಳಿಯಲಿಲ್ಲ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನೆರಳಲ್ಲಿ ಮಲಗಿದ್ದ ಕೂಲಿಗಳೂ ಎದ್ದು ಕೂತು ನಕ್ಕರು. ಮಾರುತೇಶ ನಗಲಿಲ್ಲ. ಹನ್ನೆರಡು ಐವತ್ತೆರಡು.

“ಅಪ್ಪ ಬರೆದು ತೋರ್ಸಿದ್ರು” ಎಂದ ನಡುವೆ ನುಗ್ಗಿ. “ಅವತ್ತು ಕೂಗು ಅಂತ ನಿಂಗೆ ಹೇಳಿದ್ದು ಅವ್ರೇ ಅಂತೆ. ನಂಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು ಕಣೋ.”

ಕಲ್ಲೇಶ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡ. “ಅದು ನಂಗೊತ್ತೈತಲ್ಲ. ನಿನ್ ಮದ್ವೆಯಾದ ವಾರಕ್ಕೇ ನಿಮ್ಮಪ್ಪ ನಮ್ಮೂರ್ ಕ್ರಾಸಲ್ಲಿ ಬಸ್ ನಿಲ್ಸಿ, ಜನಾನೆಲ್ಲ ಬಿಸ್ಲಲ್ಲಿ ಕೂರ್ಸಿ, ನಮ್ಮನೆಗೆ ಬಂದಿದ್ರು. ಮಜ್ಜಿಗೆ ಕುಡಿದ್ರು. ‘ನನ್ ಮಗ ಇವತ್ತಲ್ಲ ನಾಳೆ ಬರ್ತಾನೆ ಕಣಪ್ಪ’ ಅಂದ್ರು.” ತುತ್ತು ಬಾಯಿಗಿಟ್ಟುಕೊಂಡ. “ನಾನೂ ಎರಡು ವರ್ಷ ಅಲ್ಲೇ ಇದ್ದೆ.”

ಹಿರಿಯೂರಿನಿಂದ ಹೊರಕೆರೆದೇವಪುರ ಎಷ್ಟು ದೂರ? ಅಪ್ಪನ ಬಸ್ಸಿನಲ್ಲೇ ಕೂತು ಹೋಗಬಹುದಿತ್ತು. ಅಲ್ಲಿಗೆ ಹೋಗದವನು ಸಮುದ್ರ ದಾಟಿ ಬಂದಿದ್ದ, ಅದೂ ಅರ್ಧ ಗಂಟೆ ತಡವಾಗಿ.

“ಒಂದ್ಸಲ ಕೂಗ್ತೀಯಾ?” ಎಂದ. “ಅವ್ರ ಧ್ವನಿ ನಮ್ಮನೇಲಿ ಎಲ್ಲೂ ಉಳಿದಿಲ್ಲ.” ಫೋನು ತೆಗೆದು ಹಿಡಿದ.

ಕಲ್ಲೇಶ ಕೈ ಒರೆಸಿಕೊಂಡ. ಎದ್ದು ನಿಂತ. ಒಂದು ಕಾಲು ಮೇಲಕ್ಕೆತ್ತಿ, ಇಲ್ಲದ ಬಸ್ಸಿನ ಬಾಗಿಲು ಹಿಡಿದ. ನಿಂತ ಭಂಗಿ ಥೇಟ್ ಅಪ್ಪನದೇ.

“ಹೊಸ್ದುರ್ಗ...” ಎಂದು ತೆಗೆದವನು ನಿಲ್ಲಿಸಿದ. ಮೂಗಿನಲ್ಲಿ ಬಂದಿತ್ತು, ಮಧುರೆಯವನ ಮೂಗು. ಕೆಮ್ಮಿದ. ಮತ್ತೆ ತೆಗೆದ. ಈ ಸಲ ಹೊಳಲ್ಕೆರೆಯವರೆಗೆ ಹೋದ, ಢಾಕಾದವನು ಹತ್ತಿಕೊಂಡ. ಮೂರನೆಯ ಸಲ ಕಣ್ಣು ಮುಚ್ಚಿ ‘ದುರ್ಗಾ’ ಎಂದು ಎಳೆದ, ಕೊನೆಯಲ್ಲಿ ಸಾಹೇಬನ ‘ಲಾ’ ತಾನಾಗಿ ಬಂದು ಕೂತಿತು. ಕೂಲಿಗಳು ನಕ್ಕರು. ಕಲ್ಲೇಶ ಕಾಲು ಕೆಳಗಿಟ್ಟ.

“ತಾಳು, ಇನ್ನೊಂದ್ಸಲ” ಎಂದ. ಹಣೆಯಲ್ಲಿ ಬೆವರಿತ್ತು. “ಇಲ್ಲಿ ಕನ್ನಡ ಮಾತಾಡೋರು ಯಾರೂ ಇಲ್ಲ. ಹತ್ತು ವರ್ಷದಿಂದ ಇವ್ರನ್ನೇ ಇಟ್ಕಂಡಿದೀನಿ ಗಂಟಲಲ್ಲಿ.”

ಅಷ್ಟರಲ್ಲಿ ಸೈರನ್ ಕೂಗಿತು. ನೆರಳಿನಲ್ಲಿದ್ದವರೆಲ್ಲ ಒಮ್ಮೆಗೇ ಎದ್ದರು. ಕಲ್ಲೇಶ ಹೆಲ್ಮೆಟ್ ಹಾಕಿಕೊಂಡ. ಬರಗೇರಮ್ಮ ಉಳಿದ ರೊಟ್ಟಿಯನ್ನೆಲ್ಲ ಪಂಚೆಯ ಸಮೇತ ಅವನ ಕಂಕುಳಿಗೆ ತುರುಕಿದಳು. ಅವನು ಏನೋ ಹೇಳಲು ಬಾಯಿ ತೆರೆದ, ವಾಕಿಟಾಕಿಯಲ್ಲಿ ಯಾರೋ ಕರೆದರು, ಅದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಲೇ ಗೇಟಿನೊಳಗೆ ಹೋದ.

ಎರಡು ಗಂಟೆಗೆ ಮೂವರೂ ವಿಮಾನ ನಿಲ್ದಾಣಕ್ಕೆ ವಾಪಸು ಬಂದರು. ಬುತ್ತಿ ಮುಗಿದ ನೆಮ್ಮದಿಗೆ ಬರಗೇರಮ್ಮ ವಿಮಾನ ಹತ್ತುವ ಗೇಟಿನ ಮುಂದೆ ಕುರ್ಚಿಯ ಮೇಲೆಯೇ ನಿದ್ದೆಹೋದಳು. ಈರಬಸಪ್ಪನವರೂ ಕಂಬಳಿ ಹೊದ್ದು ಕಣ್ಣುಮುಚ್ಚಿದರು. ಅರ್ಧ ಗಂಟೆ ಮುಂಚೆ ಬಂದಿದ್ದರೆ, ಬಾಗಿಲು ಮುಚ್ಚದಿದ್ದರೆ, ಸರ್ವಮಂಗಳಮ್ಮನ ರಾಗಿ ಇಲ್ಲದಿದ್ದರೆ ಎಂದು ಮಾರುತೇಶ ಒಂದೊಂದನ್ನೇ ತೆಗೆದು ಶಪಿಸುತ್ತ ಕೂತಿದ್ದ.

ನಿಲ್ದಾಣದ ವೈಫೈ ಹಿಡಿದಾಗ ಫೋನು ಟಿಣ್ ಎಂದಿತು. ಕಲ್ಲೇಶನಿಂದ ಐವತ್ತು ಸೆಕೆಂಡಿನ ಧ್ವನಿ. ಹಿಂದೆ ಯಂತ್ರಗಳ ಸದ್ದು.

“ಲೇ ಮಾರುತಿ. ಟಾಯ್ಲೆಟ್ಟಿಗೆ ಅಂತ ಹೇಳಿ ಬಂದಿದೀನಿ. ಕೇಳು.” ಉಸಿರೆಳೆದ ಸದ್ದು. “ಹೊಸ್ದುರ್ಗ ಹೊಳಲ್ಕೆರೆ...” ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. “ಬರ್ತಿಲ್ಲ ಕಣ್ಲೇ. ನಿಮ್ಮಪ್ಪ ಹೊಳಲ್ಕೆರೆ ಅನ್ನೋಕೆ ಮುಂಚೆ ಉಸ್ರು ತಗೋತಿದ್ರೋ, ಆಮೇಲೋ? ಅದು ಸಿಕ್ರೆ ಎಲ್ಲಾ ಸಿಗ್ತೈತೆ. ನಿಂಗೇನಾದ್ರೂ ನೆನಪೈತಾ?”

ಮಾರುತೇಶ ಎರಡು ಸಲ ಕೇಳಿದ. ‘ಲೇ’ ಅಂದದ್ದಕ್ಕೆ ಹಗುರಾಗಬೇಕಿತ್ತು, ಆಗಲಿಲ್ಲ. ಹಾಡು ತಪ್ಪಾಗಿ ಹೇಳುವವರನ್ನು ಕೇಳಿದಾಗಿನ ಕೆರಳಿಕೆ ಹತ್ತಿತು. ಉಸಿರು ಅಲ್ಲೆಲ್ಲೂ ಇರಲಿಲ್ಲ. ಅಪ್ಪ ಮೂರೂ ಊರನ್ನು ಒಂದೇ ಉಸಿರಿನಲ್ಲಿ ದಾಟುತ್ತಿದ್ದರು, ಅದಕ್ಕೇ ದುರ್ಗ ಬರುವಷ್ಟರಲ್ಲಿ ಎದೆ ಖಾಲಿಯಾಗಿ ಧ್ವನಿ ಬಿರಿಯುತ್ತಿತ್ತು. ಇಷ್ಟೂ ತಿಳಿಯಲಿಲ್ಲವೇ ಇವನಿಗೆ. ಗುಂಡಿಯ ಮೇಲೆ ಬೆರಳೊತ್ತಿ ಹಿಡಿದ.

“ಹಂಗಲ್ಲ ಲೇ, ಮುಂಚೇನೂ ಇಲ್ಲ ಆಮೇಲೂ ಇಲ್ಲ, ನಡುವೆ ಎಲ್ಲೂ ಬಿಡಂಗಿಲ್ಲ. ಹೊಸ್ದುರ್ಗ ಹೊಳಲ್ಕೆರೆ ದುರ್ಗಾ...”

ಪಕ್ಕದಲ್ಲಿ ಧಡಕ್ಕನೆ ಸದ್ದಾಯಿತು. ಬರಗೇರಮ್ಮ ಎದ್ದು ನಿಂತಿದ್ದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಸೆರಗಿನ ತುದಿ, ಕಣ್ಣು ಇನ್ನೂ ಅರೆಮುಚ್ಚಿತ್ತು. “ಏಳ್ರಿ, ಏಳ್ರಿ, ಸೀಟು ಸಿಗಲ್ಲ” ಎಂದು ಗಂಡನ ಭುಜ ಅಲ್ಲಾಡಿಸುತ್ತಿದ್ದಳು. ಈರಬಸಪ್ಪನವರೂ ಕಣ್ಣು ಬಿಡುವ ಮುಂಚೆಯೇ ಕಂಬಳಿ ಹೆಗಲಿಗೇರಿಸಿದ್ದರು.

ಮಾರುತೇಶನ ಬೆರಳು ಜಾರಿತು. ಧ್ವನಿ ಕಲ್ಲೇಶನಿಗೆ ಹೋಗಿತ್ತು.

ಅವನು ಫೋನನ್ನು ಕಿವಿಗೊತ್ತಿ ತಾನೇ ಕೇಳಿದ. ಬೇಸತ್ತ ಮೂವತ್ತೆಂಟು ವರ್ಷದ ಬಬ್ಬೂರು ಫಾರಂ ನೌಕರನೊಬ್ಬ ಮೂರು ಊರುಗಳ ಹೆಸರು ಹೇಳುತ್ತಿದ್ದ, ಅಷ್ಟೆ. ಇನ್ನೊಂದು ಸಲ ಹಾಕಿದ. ಅದೇ ನೌಕರ. ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಕೂಗಿ ನೋಡಿದ, ಸ್ವಲ್ಪ ಜೋರಾಗಿ ಕೂಗಿ ನೋಡಿದ. ಎದುರಿಗೆ ಕೂತಿದ್ದ ಬಿಳಿ ಹೆಂಗಸು ಚೀಲ ಎತ್ತಿಕೊಂಡು ಎರಡು ಕುರ್ಚಿ ಆಚೆಗೆ ಹೋದಳು.

“ದೊಡ್ಡಮ್ಮ” ಎಂದ. “ಯಾಕೆ ಎದ್ರಿ ನೀವು?”

“ಕೂಗಿದ್ರಲ್ಲಪ್ಪ.”

“ಯಾರು ಕೂಗಿದ್ರು?”

ಬರಗೇರಮ್ಮ ನಿದ್ದೆಗಣ್ಣು ಉಜ್ಜಿಕೊಂಡು ಅವನ ಮುಖ ನೋಡಿದಳು. ಆಮೇಲೆ ಗಾಜಿನಾಚೆ ನಿಂತ ವಿಮಾನ ನೋಡಿದಳು. ತಾನೆಲ್ಲಿದ್ದೇನೆಂಬುದು ನಿಧಾನವಾಗಿ ಆಕೆಗೆ ತಿಳಿದಂತಿತ್ತು.

“ಯಾರೋಪ್ಪ” ಎಂದಳು. “ಗುರ್ತಿರೋರೇ ಕೂಗ್ದಂಗಾತು.”

“ಯಾರ ಗುರ್ತು ದೊಡ್ಡಮ್ಮ? ಸ್ವಲ್ಪ ನೆನಪು ಮಾಡ್ಕಳ್ರಿ.”

“ಅದೇ ಗೊತ್ತಾಗ್ಲಿಲ್ಲ. ಅಷ್ಟರಾಗೆ ನೀನು ಮಾತಾಡ್ಸಿಬಿಟ್ಟೆ” ಎಂದು ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಸಾಲಿನ ಕಡೆ ನಡೆದಳು.